ಕುಡಿತ ಬಿಡಿಸುವ ಗುಳಿಗೆ: ಯಾವುದು, ಯಾರ ಕೈಯಿಂದ?

ಡೊಂಬಿವಲಿಯ ಸೊಸೆ (ಶುಕ್ರವಾರ ರಾತ್ರಿ)

ಎಲ್ಲರಿಗೂ ನಮಸ್ಕಾರ. ನನ್ನ ಭಾವ, ಅಂದರೆ ಗಂಡನ ಅಣ್ಣ, ಗೋರೆಗಾಂವ್ ಕಡೆ ಒಂದು ಹೋಟೆಲಿನ ಅಡುಗೆಮನೆಯಲ್ಲಿದ್ದಾರೆ. ವಾಸವೂ ಹೋಟೆಲಿನವರು ಕೊಟ್ಟ ಕೋಣೆಯಲ್ಲೇ. ಹೆಂಡತಿ ಮಕ್ಕಳು ಕುಂದಾಪುರದ ಹತ್ತಿರ ಊರಿನಲ್ಲಿದ್ದಾರೆ. ಮೊದಲೆಲ್ಲ ರಾತ್ರಿ ಒಲೆ ಆರಿದ ಮೇಲೆ ಕುಡಿಯುತ್ತಿದ್ದರು. ಈಗ ಬೆಳಿಗ್ಗೆ ಎದ್ದ ಕೂಡಲೇ ಬೇಕು. ಒಂದು ಗುಟುಕು ಹೋಗದಿದ್ದರೆ ಕೈ ನಡುಗಿ ಈರುಳ್ಳಿ ಹೆಚ್ಚಲೂ ಆಗುವುದಿಲ್ಲವಂತೆ.

ಪರಿಚಯದವರೊಬ್ಬರು ಒಂದು ಪುಡಿ ತಂದುಕೊಟ್ಟಿದ್ದಾರೆ. ವಾಸನೆಯಿಲ್ಲ, ರುಚಿಯಿಲ್ಲ, ಸಾರಿನಲ್ಲಿ ಬೆರೆಸಿದರೆ ಗೊತ್ತೇ ಆಗುವುದಿಲ್ಲ, ತಾನಾಗಿ ಕುಡಿತದ ಮೇಲೆ ಹೇಸಿಗೆ ಬರುತ್ತದೆ ಎನ್ನುತ್ತಾರೆ. ಕೊಡಬಹುದೇ? ನನ್ನ ಗಂಡನ ಯೋಚನೆ ಬೇರೆ: ಮತ್ಸ್ಯಗಂಧಾ ರೈಲು ಹತ್ತಿಸಿ ಊರಿಗೆ ಕಳುಹಿಸುವುದು, ಅಲ್ಲಿ ಅತ್ತೆ ಒಂದು ವಾರ ಮನೆಯಿಂದ ಹೊರಗೆ ಬಿಡದೆ ನೋಡಿಕೊಳ್ಳುವುದು. ಎರಡರಲ್ಲಿ ಯಾವುದು ಒಳ್ಳೆಯದು?

ಮಾಟುಂಗಾದ ಹಳೆಯ ಕಂಪೌಂಡರ್

ತಂಗೀ, ಎರಡೂ ಬೇಡ. ಮೊದಲು ರೈಲಿನ ವಿಷಯ ಹೇಳುತ್ತೇನೆ, ಏಕೆಂದರೆ ಪುಡಿಗಿಂತ ಅದು ಬೇಗ ಜೀವ ತೆಗೆಯಬಲ್ಲದು.

ಬೆಳಿಗ್ಗೆ ಕೈ ನಡುಗಿ, ಕುಡಿದ ಮೇಲೆ ನಿಲ್ಲುತ್ತದೆ ಎಂದರೆ ದೇಹವೇ ಮದ್ಯಕ್ಕೆ ಒಗ್ಗಿದೆ ಎಂದರ್ಥ. ಮಿದುಳಿನಲ್ಲಿ ನರಗಳನ್ನು ತಣಿಸುವ ಗಾಬಾ ಎಂಬ ರಾಸಾಯನಿಕವಿದೆ, ಕೆರಳಿಸುವ ಗ್ಲುಟಮೇಟ್ ಇದೆ. ಮದ್ಯ ಮೊದಲನೆಯದಕ್ಕೆ ಬಲ ಕೊಡುತ್ತದೆ, ಎರಡನೆಯದನ್ನು ಅದುಮುತ್ತದೆ. ವರ್ಷಗಟ್ಟಲೆ ಹೀಗಾದಾಗ ಮಿದುಳು ತನ್ನ ಕಡೆಯಿಂದ ಕೆರಳಿಸುವ ಶಕ್ತಿಯನ್ನು ಹೆಚ್ಚಿಸಿಕೊಳ್ಳುತ್ತದೆ. ಬಾಗಿಲನ್ನು ಆಚೆ ಈಚೆ ಇಬ್ಬರು ತಳ್ಳುತ್ತಿರುವಾಗ ಒಬ್ಬ ಹಠಾತ್ತನೆ ಸರಿದರೆ ಇನ್ನೊಬ್ಬ ಮುಗ್ಗರಿಸುತ್ತಾನಲ್ಲ, ಕುಡಿತ ಒಮ್ಮೆಲೇ ನಿಂತಾಗ ಆಗುವುದೂ ಅದೇ. ಕೊನೆಯ ಗುಟುಕಿನ ನಂತರ ಆರೆಂಟು ಗಂಟೆಯಲ್ಲಿ ನಡುಕ, ಬೆವರು, ವಾಂತಿ. 6ರಿಂದ 48 ಗಂಟೆಗಳ ನಡುವೆ ಫಿಟ್ಸ್ ಬರಬಹುದು. ಎರಡು ಮೂರನೆಯ ದಿನಕ್ಕೆ ಸನ್ನಿ: ಹಗಲು ರಾತ್ರಿ ತಿಳಿಯದು, ಗೋಡೆಯ ಮೇಲೆ ಹುಳ ಹರಿದಂತೆ ಕಾಣುತ್ತದೆ, ಜ್ವರ ಏರುತ್ತದೆ, ಎದೆ ಹೊಡೆದುಕೊಳ್ಳುತ್ತದೆ. ವೈದ್ಯರು ಅದನ್ನು ಡೆಲಿರಿಯಂ ಟ್ರೆಮೆನ್ಸ್ ಎನ್ನುತ್ತಾರೆ. ಸರಿಯಾದ ಔಷಧಿ ಇಲ್ಲದ ಕಾಲದಲ್ಲಿ ಅದು ಬಂದವರಲ್ಲಿ ಮೂರರಲ್ಲೊಂದು ಪಾಲಿನವರೆಗೂ ಸಾಯುತ್ತಿದ್ದರು.

ಈಗ ಲೆಕ್ಕ ಹಾಕಿ. ಕುರ್ಲಾ ಟರ್ಮಿನಸ್‌ನಲ್ಲಿ ಹತ್ತಿದವರು ಇಡೀ ರಾತ್ರಿ ರೈಲಿನಲ್ಲಿ. ಫಿಟ್ಸ್ ಬರುವ ಹೊತ್ತು ಕೊಂಕಣದ ಸುರಂಗಗಳ ನಡುವೆ ಬರುತ್ತದೆ. ಸನ್ನಿ ಹಿಡಿಯುವ ಹೊತ್ತಿಗೆ ಅವರು ಬೀಗ ಹಾಕಿದ ಕೋಣೆಯಲ್ಲಿ, ಕಾವಲಿಗೆ ವಯಸ್ಸಾದ ತಾಯಿ.

ಇನ್ನು ಪುಡಿ. ಅದರಲ್ಲಿ ಏನಿದೆ ಎಂದು ನಾನು ಹೇಳಲಾರೆ, ಕೊಟ್ಟವರೂ ಹೇಳಲಾರರು. ಡೈಸಲ್ಫಿರಾಮ್ ಎಂದಾದರೆ ಅದು ನಿಜವಾದ ಔಷಧಿಯೇ. ಆದರೆ ತೆಗೆದುಕೊಳ್ಳುವವನಿಗೆ ಗೊತ್ತಿಲ್ಲದೆ ಕೊಡುವ ಔಷಧಿಯಲ್ಲ. ಮದ್ಯ ಯಕೃತ್ತಿನಲ್ಲಿ ಮೊದಲು ಅಸಿಟಾಲ್ಡಿಹೈಡ್ ಎಂಬ ವಿಷವಾಗುತ್ತದೆ, ಆಮೇಲೆ ಅದು ಕರಗುತ್ತದೆ. ಡೈಸಲ್ಫಿರಾಮ್ ಆ ಎರಡನೆಯ ಹಂತವನ್ನು ತಡೆಯುತ್ತದೆ. ಮೇಲೆ ಕುಡಿದರೆ ಮುಖ ಕೆಂಪೇರಿ, ತಲೆ ಸಿಡಿದು, ವಾಂತಿಯಾಗಿ, ರಕ್ತದೊತ್ತಡ ಕುಸಿಯುತ್ತದೆ. ಹೃದಯ ದುರ್ಬಲವಿದ್ದವರು ಸತ್ತದ್ದೂ ಉಂಟು. ಕೊನೆಯ ಕುಡಿತದ ನಂತರ ಕನಿಷ್ಠ 12 ಗಂಟೆ ಕಳೆಯದೆ ವೈದ್ಯರು ಇದನ್ನು ಶುರು ಮಾಡುವುದಿಲ್ಲ. ನಿಮ್ಮ ಭಾವ ಬೆಳಿಗ್ಗೆಯೇ ಕುಡಿಯುವವರು. ಆ ಸಾರು ಅವರ ಎಲೆಗೆ ಬೀಳುವುದು ಮದ್ಯದ ಮೇಲೆಯೇ.

ಠಾಣೆಯ ತರ್ಕವಾದಿ

ಕಂಪೌಂಡರ್ ಸಾಹೇಬರು ಹೆದರಿಸುವುದರಲ್ಲಿ ನಿಪುಣರು. ನಮ್ಮ ಚಿಕ್ಕಪ್ಪ ಪ್ರತಿ ವರ್ಷ ಶಬರಿಮಲೆಗೆ ಮಾಲೆ ಹಾಕುತ್ತಿದ್ದರು. ಹಾಕಿದ ದಿನವೇ ಕುಡಿತ ಬಂದ್. ನಡುಕವೂ ಇಲ್ಲ, ಸನ್ನಿಯೂ ಇಲ್ಲ. ಮನಸ್ಸು ಗಟ್ಟಿಯಿದ್ದರೆ ಗುಳಿಗೆ ಏಕೆ? ಒಂದು ಚಟ ಬಿಡಿಸಲು ಇನ್ನೊಂದು ಚಟ ಹತ್ತಿಸುವುದು ಕಂಪನಿಗಳ ವ್ಯಾಪಾರ.

ಪುಣೆಯ ನರ್ಸ್

ನಿಮ್ಮ ಚಿಕ್ಕಪ್ಪನ ದೇಹ ಮದ್ಯಕ್ಕೆ ಅಷ್ಟು ಒಗ್ಗಿರಲಿಲ್ಲ, ಅವರ ಪುಣ್ಯ. ಮಾಲೆ ಧರಿಸಿ ಮೂರನೆಯ ದಿನ, ಕಪ್ಪು ಪಂಚೆಯಲ್ಲೇ, ಸನ್ನಿ ಹಿಡಿದು ವಾರ್ಡಿಗೆ ಬಂದವರನ್ನು ನಾನು ನೋಡಿದ್ದೇನೆ. ಅವರ ಭಕ್ತಿ ಕಡಿಮೆಯಿತ್ತು ಎಂದು ಹೇಳುವ ಧೈರ್ಯ ನಿಮಗಿದ್ದರೆ ಹೇಳಿ.

ಇದು ಮನಸ್ಸಿನ ದೌರ್ಬಲ್ಯವಲ್ಲ ಎಂಬುದು 1955ರಲ್ಲೇ ಸಾಬೀತಾಗಿದೆ. ಅಮೆರಿಕದ ಲೆಕ್ಸಿಂಗ್ಟನ್‌ನಲ್ಲಿ ಹ್ಯಾರಿಸ್ ಇಸ್ಬೆಲ್ ಎಂಬ ವೈದ್ಯ ಕೈದಿಗಳಿಗೆ ವಾರಗಟ್ಟಲೆ ಮದ್ಯ ಕೊಟ್ಟು ಒಮ್ಮೆಲೇ ನಿಲ್ಲಿಸಿದ. ಚೆನ್ನಾಗಿ ಊಟ ಹಾಕಿ, ಜೀವಸತ್ವ ಕೊಟ್ಟಿದ್ದರೂ ಕೆಲವರಿಗೆ ಫಿಟ್ಸ್ ಬಂತು, ಕೆಲವರಿಗೆ ಸನ್ನಿ ಹಿಡಿಯಿತು. ಇಂದು ಯಾವ ನೀತಿ ಸಮಿತಿಯೂ ಇಂಥ ಪ್ರಯೋಗಕ್ಕೆ ಒಪ್ಪಲಾರದು, ಒಪ್ಪಲೂ ಬಾರದು. ಆದರೆ ಅಲ್ಲಿಯವರೆಗೆ ‘ಊಟ ಬಿಟ್ಟದ್ದರಿಂದ ಹೀಗಾಗುತ್ತದೆ’ ಎನ್ನುತ್ತಿದ್ದವರ ಬಾಯಿ ಅದರಿಂದ ಮುಚ್ಚಿತು.

ಚಿಕಿತ್ಸೆಯ ಮಾತಿಗೆ ಬರುತ್ತೇನೆ. ಕುಡಿತ ನಿಲ್ಲಿಸುವ ಮೊದಲ ವಾರದ ಔಷಧಿ ಬೇರೆ, ಆಮೇಲೆ ಮತ್ತೆ ಕುಡಿಯದಂತೆ ಕಾಯುವ ಔಷಧಿ ಬೇರೆ. ಈ ಎರಡನ್ನು ಕಲಸಿಕೊಳ್ಳುವುದರಿಂದಲೇ ಅರ್ಧ ಅನಾಹುತ.

ಮೊದಲ ವಾರಕ್ಕೆ ಕ್ಲೋರ್‌ಡಯಾಜೆಪಾಕ್ಸೈಡ್, ಡಯಾಜೆಪಾಮ್, ಲೋರಾಜೆಪಾಮ್. ಮದ್ಯ ಬಲ ಕೊಡುತ್ತಿದ್ದ ಗಾಬಾಕ್ಕೇ ಇವೂ ಬಲ ಕೊಡುತ್ತವೆ, ಆದರೆ ಅಳತೆಯಲ್ಲಿ. ದಿನದಿಂದ ದಿನಕ್ಕೆ ಇಳಿಸುತ್ತ ಬರಬಹುದು. 1969ರಲ್ಲಿ ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ 537 ಜನರ ಮೇಲೆ ನಡೆದ ಪರೀಕ್ಷೆಯಲ್ಲಿ ಫಿಟ್ಸ್ ಮತ್ತು ಸನ್ನಿ ಕ್ಲೋರ್‌ಡಯಾಜೆಪಾಕ್ಸೈಡ್ ಪಡೆದವರಲ್ಲೇ ಅತಿ ಕಡಿಮೆ. ಆಗ ಎಲ್ಲೆಡೆ ಕೊಡುತ್ತಿದ್ದ ಕ್ಲೋರ್‌ಪ್ರೊಮಜೀನ್ ಅಷ್ಟು ಕಾಯಲಿಲ್ಲ. ಯಕೃತ್ತು ಕೆಟ್ಟಿದ್ದರೆ ಲೋರಾಜೆಪಾಮ್ ಒಳ್ಳೆಯದು; ಉಳಿದವು ಅಂಥವರ ದೇಹದಲ್ಲಿ ಕರಗದೆ ಕೂಡಿಕೊಂಡು ಮಂಪರು ಹೆಚ್ಚಿಸುತ್ತವೆ. ವಾರ್ಡಿನಲ್ಲಿ ನಾವು ನಡುಕ, ಬೆವರು, ಚಡಪಡಿಕೆ, ದಿಕ್ಕು ತಿಳಿಯುವಿಕೆ ಹೀಗೆ ಹತ್ತು ಲಕ್ಷಣಗಳಿಗೆ ಅಂಕ ಹಾಕಿ, ಅಂಕ ನೋಡಿ ಔಷಧಿ ಕೊಡುತ್ತೇವೆ.

ಇನ್ನೊಂದು ಸಂಗತಿ, ದಯವಿಟ್ಟು ಎಲ್ಲರೂ ಗಮನಿಸಿ. ಕುಡಿಯುವವರಲ್ಲಿ ಥಯಮಿನ್, ಅಂದರೆ ಬಿ1 ಜೀವಸತ್ವ, ಬರಿದಾಗಿರುತ್ತದೆ. ಸುಸ್ತಾಗಿದ್ದಾರೆ ಎಂದು ಓಣಿಯ ದವಾಖಾನೆಗೆ ಕರೆದೊಯ್ದು ಗ್ಲುಕೋಸ್ ಬಾಟಲಿ ಹಾಕಿಸುತ್ತಾರೆ. ಥಯಮಿನ್ ಕೊಡದೆ ಗ್ಲುಕೋಸ್ ಏರಿಸಿದರೆ ಇದ್ದಬದ್ದದ್ದೂ ಖರ್ಚಾಗಿ ಮಿದುಳಿಗೆ ಪೆಟ್ಟಾಗಬಹುದು. ಕಣ್ಣು ಓಲಾಡುತ್ತದೆ, ನಡಿಗೆ ತಪ್ಪುತ್ತದೆ, ಆಮೇಲೆ ನೆನಪೇ ನಿಲ್ಲುವುದಿಲ್ಲ. ಹಾಗೆ ನೆನಪು ಕಳೆದುಕೊಂಡವರ ಮನೆಯವರಿಗೆ ‘ಕುಡಿತದಿಂದ ಹೀಗಾಯಿತು’ ಎಂದಷ್ಟೇ ಹೇಳಿ ಕಳುಹಿಸಿದ್ದನ್ನು ಕಂಡು ಸಿಟ್ಟು ಬಂದಿದೆ.

ಮಾಟುಂಗಾದ ಹಳೆಯ ಕಂಪೌಂಡರ್

ನರ್ಸಮ್ಮ ಹೇಳಿದ ಆ ಗುಳಿಗೆಗಳ ಹೆಸರನ್ನು ಚೀಟಿಯಲ್ಲಿ ಬರೆದುಕೊಂಡು ಯಾರೂ ಔಷಧಿ ಅಂಗಡಿಗೆ ಓಡಬೇಡಿ. ಅವೆಲ್ಲ ವೈದ್ಯರ ಚೀಟಿ ಇಲ್ಲದೆ ಮಾರಬಾರದವು. ಕ್ಲೋರ್‌ಡಯಾಜೆಪಾಕ್ಸೈಡ್, ಡಯಾಜೆಪಾಮ್ ಅಂತೂ ಇನ್ನೂ ಬಿಗಿಯಾದ ಎಚ್‌1 ಪಟ್ಟಿಯಲ್ಲಿವೆ. ಅಂಗಡಿಯವನು ವೈದ್ಯರ ಹೆಸರು, ರೋಗಿಯ ಹೆಸರು ಬರೆದಿಟ್ಟು ಮೂರು ವರ್ಷ ಆ ಪುಸ್ತಕ ಕಾಯಬೇಕು. ಮದ್ಯದ ಜೊತೆ ಸೇರಿದರೆ ಉಸಿರೇ ನಿಲ್ಲಬಹುದು ಎಂಬುದು ಅದಕ್ಕಿಂತ ದೊಡ್ಡ ಕಾರಣ.

ಪಿಂಪ್ರಿಯ ಪ್ರಯೋಗಶಾಲೆ

ನಾನು ಔಷಧಿ ಪರೀಕ್ಷೆಗಳ ಅಂಕಿಅಂಶ ನೋಡುವ ಕೆಲಸದಲ್ಲಿರುವವನು, ವೈದ್ಯನಲ್ಲ. ‘ಕಂಪನಿಗಳ ವ್ಯಾಪಾರ’ ಎಂಬ ಮಾತಿಗೆ ಉತ್ತರಿಸದೆ ಇರಲಾರೆ. ಈ ಕ್ಷೇತ್ರದ ದುರಂತವೇ ಕಂಪನಿಗಳಿಗೆ ಇದರಲ್ಲಿ ಆಸಕ್ತಿ ಇಲ್ಲದಿರುವುದು. ಅಮೆರಿಕದಲ್ಲಿ ಮದ್ಯವ್ಯಸನಕ್ಕೆಂದೇ ಪರವಾನಗಿ ಪಡೆದದ್ದು ಮೂರೇ ಔಷಧಿ: ಡೈಸಲ್ಫಿರಾಮ್, 1994ರಲ್ಲಿ ನಾಲ್ಟ್ರೆಕ್ಸೋನ್, 2004ರಲ್ಲಿ ಅಕಾಂಪ್ರೊಸೇಟ್. 2006ರಲ್ಲಿ ನಾಲ್ಟ್ರೆಕ್ಸೋನ್‌ನ ತಿಂಗಳಿಗೊಂದು ಇಂಜೆಕ್ಷನ್ ಬಂತು. ಆಮೇಲೆ ಹೊಸತೇನೂ ಇಲ್ಲ.

ಡೈಸಲ್ಫಿರಾಮ್ ಅಂತೂ ಯಾರೂ ಹುಡುಕಿ ಕಂಡದ್ದಲ್ಲ. ಅದು ರಬ್ಬರ್ ಹದ ಮಾಡುವ ರಾಸಾಯನಿಕದ ಕುಟುಂಬದ್ದು. ರಬ್ಬರ್ ಕಾರ್ಖಾನೆಯ ಕೆಲಸಗಾರರಿಗೆ ಕುಡಿದರೆ ತಡೆಯುವುದಿಲ್ಲ ಎಂದು ಅಮೆರಿಕದ ಕಾರ್ಖಾನೆ ವೈದ್ಯರೊಬ್ಬರು 1937ರಲ್ಲೇ ಬರೆದಿದ್ದರು. ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಹತ್ತು ವರ್ಷದ ನಂತರ ಕೋಪನ್‌ಹೇಗನ್‌ನಲ್ಲಿ ಯೆನ್ಸ್ ಹಾಲ್ಡ್ ಮತ್ತು ಎರಿಕ್ ಯಾಕೋಬ್‌ಸೆನ್ ಹೊಟ್ಟೆಹುಳದ ಔಷಧಿಯಾಗಬಹುದೇ ಎಂದು ತಾವೇ ನುಂಗಿ ನೋಡಿದರು. ಆಮೇಲೆ ಮದ್ಯ ಮುಟ್ಟಿದಾಗ ಹೈರಾಣಾದರು. 1948ರಲ್ಲಿ ಅದನ್ನು ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನಲ್ಲಿ ಪ್ರಕಟಿಸಿದರು. ಹುಳದ ಕಥೆ ಅಲ್ಲಿಗೆ ಮುಗಿಯಿತು.

ನನಗೆ ಬಹಳ ಕುತೂಹಲದ ಭಾಗ ಇದು. ಔಷಧಿ ಪರೀಕ್ಷೆಯ ನಿಯಮದ ಪ್ರಕಾರ ಯಾರಿಗೆ ನಿಜವಾದ ಗುಳಿಗೆ, ಯಾರಿಗೆ ಖಾಲಿ ಗುಳಿಗೆ ಎಂಬುದು ರೋಗಿಗೂ ವೈದ್ಯರಿಗೂ ತಿಳಿಯಬಾರದು. ಡೈಸಲ್ಫಿರಾಮ್ ಹಾಗೆ ಪರೀಕ್ಷಿಸಿದರೆ ಸೋಲುತ್ತದೆ. 1986ರಲ್ಲಿ 605 ಪುರುಷರ ಮೇಲೆ ನಡೆದ ಅಮೆರಿಕದ ದೊಡ್ಡ ಪರೀಕ್ಷೆಯಲ್ಲಿ ಪೂರ್ತಿ ಕುಡಿತ ಬಿಟ್ಟವರ ಪ್ರಮಾಣದಲ್ಲಿ ವ್ಯತ್ಯಾಸವೇ ಕಾಣಲಿಲ್ಲ. ಸೋಲುವುದು ಸಹಜ. ಆ ಗುಳಿಗೆ ಕೆಲಸ ಮಾಡುವುದು ‘ಕುಡಿದರೆ ಸಾಯುವಷ್ಟು ಸಂಕಟ’ ಎಂಬ ಭಯದಿಂದ. ಖಾಲಿ ಗುಳಿಗೆ ನುಂಗಿದವನಿಗೂ ಆ ಭಯ ಅಷ್ಟೇ ಇರುತ್ತದೆ! ರೋಗಿಗೆ ಎಲ್ಲವೂ ಗೊತ್ತಿರುವ ಪರೀಕ್ಷೆಗಳಲ್ಲಿ ಅದೇ ಗುಳಿಗೆ ಗೆಲ್ಲುತ್ತದೆ.

ಅಂಥ ಪರೀಕ್ಷೆಗಳಲ್ಲಿ ಪ್ರಪಂಚದಾದ್ಯಂತ ಉಲ್ಲೇಖವಾಗುವ ಎರಡು ನಮ್ಮ ಮುಂಬಯಿಯವು. ಅವಿನಾಶ್ ಡಿಸೋಜಾ ಮತ್ತು ಅಲನ್ ಡಿಸೋಜಾ 100 ಪುರುಷರಲ್ಲಿ ಅರ್ಧದಷ್ಟು ಜನರಿಗೆ ಡೈಸಲ್ಫಿರಾಮ್, ಅರ್ಧದಷ್ಟು ಜನರಿಗೆ ನಾಲ್ಟ್ರೆಕ್ಸೋನ್ ಕೊಟ್ಟು ಒಂದು ವರ್ಷ ನೋಡಿದರು. 2004ರಲ್ಲಿ ಪ್ರಕಟವಾದ ಫಲಿತಾಂಶ: ಮತ್ತೆ ಕುಡಿತಕ್ಕೆ ಬೀಳದವರು ಡೈಸಲ್ಫಿರಾಮ್ ಗುಂಪಿನಲ್ಲಿ ಶೇ. 86, ನಾಲ್ಟ್ರೆಕ್ಸೋನ್‌ನಲ್ಲಿ ಶೇ. 44. ಮರುವರ್ಷ ಅಕಾಂಪ್ರೊಸೇಟ್ ಜೊತೆ ಹೋಲಿಸಿದಾಗಲೂ ಹೆಚ್ಚುಕಡಿಮೆ ಅದೇ. ಕುಡಿಯಬೇಕೆನ್ನುವ ತುಡಿತ ಮಾತ್ರ ನಾಲ್ಟ್ರೆಕ್ಸೋನ್ ಪಡೆದವರಲ್ಲೇ ಕಡಿಮೆಯಿತ್ತು. ಅಂದರೆ ಡೈಸಲ್ಫಿರಾಮ್ ಆಸೆಯನ್ನು ಕೊಲ್ಲುವುದಿಲ್ಲ, ಕೈಯನ್ನು ಕಟ್ಟುತ್ತದೆ.

ಒಂದು ಷರತ್ತು ಮರೆಯಬಾರದು. ಆ ಪರೀಕ್ಷೆಗೆ ಸೇರಿಸಿಕೊಂಡದ್ದು ಗುಳಿಗೆ ತಪ್ಪದಂತೆ ನೋಡಿಕೊಳ್ಳುವ, ತಪಾಸಣೆಗೆ ಜೊತೆಯಲ್ಲಿ ಬರುವ ಮನೆಯವರಿದ್ದವರನ್ನು ಮಾತ್ರ. ಶೇ. 86ರಲ್ಲಿ ಗುಳಿಗೆಯ ಪಾಲೆಷ್ಟು, ದಿನವೂ ಅದನ್ನು ನೆನಪಿಸಿದ ಹೆಂಡತಿಯ ಅಥವಾ ತಾಯಿಯ ಪಾಲೆಷ್ಟು ಎಂದು ಬಿಡಿಸಿ ಹೇಳಲು ಬರುವುದಿಲ್ಲ.

ವಾಸ್ಕೋದ ಬಂದರು

ನಾನು ಕುಡಿಯುತ್ತಿದ್ದವನು. ಹುಟ್ಟೂರು ಅಂಕೋಲೆ, ಕೆಲಸ ಗೋವಾದಲ್ಲಿ. ಇಲ್ಲಿ ಮದ್ಯ ಅಗ್ಗ, ಬಾರ್ ಮನೆಯ ಎದುರಿಗೇ. ನನಗೆ ವೈದ್ಯರು ಕೊಟ್ಟದ್ದು ನಾಲ್ಟ್ರೆಕ್ಸೋನ್. ತೆಗೆದುಕೊಂಡರೆ ಏನಾಗುತ್ತದೆ ಎಂದು ಕೇಳುವವರಿಗೆ: ಏನೂ ಆಗುವುದಿಲ್ಲ. ಮೊದಲ ಕೆಲವು ದಿನ ಹೊಟ್ಟೆ ತೊಳಸಿತು, ಅಷ್ಟೆ. ಡೈಸಲ್ಫಿರಾಮ್‌ನ ಹಾಗೆ ಶಿಕ್ಷೆ ಇಲ್ಲ. ನಡುವೆ ಒಂದೆರಡು ಸಲ ಕುಡಿದೆ. ಮೊದಲ ಗ್ಲಾಸಿಗೆ ಮೈಯಲ್ಲಿ ಹರಡುತ್ತಿದ್ದ ಆ ಸುಖ ಬರಲಿಲ್ಲ. ಎರಡನೆಯದನ್ನು ಅರ್ಧಕ್ಕೆ ಬಿಟ್ಟು ಎದ್ದು ಬಂದೆ. ಮದ್ಯ ಕುಡಿದಾಗ ಮಿದುಳಿನಲ್ಲಿ ನಮ್ಮದೇ ಅಫೀಮಿನಂಥ ವಸ್ತು ಸ್ರವಿಸುತ್ತದಂತೆ, ಈ ಗುಳಿಗೆ ಅದು ಕೂರುವ ಜಾಗವನ್ನು ಮೊದಲೇ ಹಿಡಿದು ಕೂರುತ್ತದಂತೆ.

ಇದನ್ನು ತೆಗೆದುಕೊಳ್ಳುವವರು ಕಿಸೆಯಲ್ಲಿ ಒಂದು ಚೀಟಿ ಇಟ್ಟುಕೊಳ್ಳಿ. ಅಪಘಾತವಾಗಿ ಆಸ್ಪತ್ರೆಗೆ ಹೋದರೆ ಮಾರ್ಫಿನ್, ಟ್ರಮಡಾಲ್‌ನಂಥ ನೋವಿನ ಔಷಧಿ ಇದರ ಮೇಲೆ ಕೆಲಸ ಮಾಡುವುದಿಲ್ಲ.

ಗೋವಾದ ಇನ್ನೊಂದು ಸಂಗತಿ ಹೇಳಿಬಿಡುತ್ತೇನೆ. ಸಂಗಾತ್ ಸಂಸ್ಥೆಯವರು ಇಲ್ಲಿನ 10 ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ, ವೈದ್ಯರಲ್ಲದ ಸಾಮಾನ್ಯರಿಗೆ ತರಬೇತಿ ಕೊಟ್ಟು, ಕುಡಿಯುವವರೊಂದಿಗೆ ಹೆಚ್ಚೆಂದರೆ ನಾಲ್ಕು ಸಲ ಕುಳಿತು ಮಾತನಾಡುವ ಪದ್ಧತಿ ಮಾಡಿದರು. 2017ರ ಲ್ಯಾನ್ಸೆಟ್‌ನಲ್ಲಿ ಬಂತು: ಮೂರು ತಿಂಗಳ ನಂತರ ಹಾನಿಕರ ಕುಡಿತದಿಂದ ಹೊರಬಂದವರು ಶೇ. 36, ಮಾತುಕತೆ ಇಲ್ಲದ ಗುಂಪಿನಲ್ಲಿ ಶೇ. 26. ಗುಳಿಗೆಯೇ ಇಲ್ಲದೆ.

ಠಾಣೆಯ ತರ್ಕವಾದಿ

ನೋಡಿದಿರಾ! ಗುಳಿಗೆ ಬೇಡ ಎಂದು ನಾನು ಹೇಳಿದ್ದನ್ನೇ ಇವರೂ ಹೇಳುತ್ತಿದ್ದಾರೆ.

ಪುಣೆಯ ನರ್ಸ್

ಇಲ್ಲ. ಆ ಅಧ್ಯಯನ ಹಾನಿಯಾಗುವಷ್ಟು ಕುಡಿಯುವವರದ್ದು; ಬೆಳಿಗ್ಗೆ ನಡುಗಿ ಏಳುವ, ಪೂರ್ತಿ ಅವಲಂಬಿತರಾದವರದ್ದಲ್ಲ. ತರ್ಕವಾದಿಗಳು ಅಷ್ಟಾದರೂ ಓದಬೇಕಿತ್ತು.

ಡೊಂಬಿವಲಿಯ ಸೊಸೆ (ಶನಿವಾರ ಮಧ್ಯಾಹ್ನ)

ಎಲ್ಲರಿಗೂ ಕೃತಜ್ಞತೆಗಳು. ರೈಲಿನ ಯೋಚನೆ ಬಿಟ್ಟೆವು. ಇವರು ಗೋರೆಗಾಂವ್‌ಗೆ ಹೋಗಿ ಭಾವನ ಜೊತೆ ನೇರವಾಗಿ ಮಾತನಾಡಿದರು. ಆಶ್ಚರ್ಯವೆಂದರೆ ಅವರೇ ‘ನನಗೂ ಸಾಕಾಗಿದೆ, ಎಲ್ಲಿಗೆ ಬೇಕಾದರೂ ಬರುತ್ತೇನೆ’ ಎಂದರಂತೆ. ಹೋಟೆಲಿನ ಯಜಮಾನರೂ ಒಳ್ಳೆಯವರು. ಆಸ್ಪತ್ರೆಯಿಂದ ಬಂದ ಮೇಲೆ ದಿನವೂ ಬೆಳಿಗ್ಗೆ ಗಲ್ಲಾದ ಹತ್ತಿರ ನಿಲ್ಲಿಸಿ, ತಮ್ಮ ಕೈಯಾರೆ ಆ ಭಯದ ಗುಳಿಗೆ ಕೊಡುತ್ತೇನೆ, ನುಂಗದಿದ್ದರೆ ಕೆಲಸವಿಲ್ಲ ಎನ್ನುತ್ತಾರೆ. ಮನೆಯವರು ಹತ್ತಿರವಿಲ್ಲದ ಕಾರಣ ನಮಗೂ ಅದೇ ಸರಿ ಎನಿಸಿದೆ.

ಚೆಂಬೂರಿನ ಹೋಟೆಲಿನವ

ಆ ಯಜಮಾನರ ಮನಸ್ಸು ಒಳ್ಳೆಯದೇ. ಆದರೂ ಹಾಗೆ ಮಾಡಬಾರದು ಎನ್ನುತ್ತೇನೆ. ನಾನೂ ಹೋಟೆಲು ನಡೆಸುವವನು, ನಮ್ಮಲ್ಲಿ ಕುಡಿಯುವವರ ಸಂಖ್ಯೆ ಕಡಿಮೆಯಿಲ್ಲ. ನಸುಕಿಗೆ ಎದ್ದು ಇಡ್ಲಿ ಇಡಬೇಕು, ರಾತ್ರಿ ಹನ್ನೊಂದರ ತನಕ ನಿಲ್ಲಬೇಕು, ಸಂಸಾರ ಊರಿನಲ್ಲಿ. ಇನ್ನೇನಾಗುತ್ತದೆ? ಸಂಬಳ ಕೊಡುವ ಕೈಯೇ ಗುಳಿಗೆಯನ್ನೂ ಕೊಟ್ಟರೆ ಆಳು ನುಂಗಿದಂತೆ ಮಾಡಿ ಉಗುಳುತ್ತಾನೆ. ಇಲ್ಲವೇ ನುಂಗಿದ ಮೇಲೂ ಕುಡಿದುಬಿಟ್ಟು, ಕೆಲಸ ಹೋಗುತ್ತದೆಂಬ ಹೆದರಿಕೆಗೆ ಯಾರಿಗೂ ಹೇಳದೆ ಕೋಣೆಯಲ್ಲಿ ಬಿದ್ದಿರುತ್ತಾನೆ. ಆಗ ಜೀವಕ್ಕೆ ಹೊಣೆ ಯಾರು?

ಮಾಟುಂಗಾದ ಹಳೆಯ ಕಂಪೌಂಡರ್

ಚೆಂಬೂರಿನ ಅಣ್ಣ ಹೇಳಿದ್ದು ಅಕ್ಷರಶಃ ಸರಿ. ಡೈಸಲ್ಫಿರಾಮ್ ನಿಲ್ಲಿಸಿದ ಮೇಲೂ ಎರಡು ವಾರದವರೆಗೆ ಅದರ ಪರಿಣಾಮ ಉಳಿಯಬಹುದು. ಮದ್ಯವಿರುವ ಕೆಮ್ಮಿನ ಸಿರಪ್, ಬಾಯಿ ಮುಕ್ಕಳಿಸುವ ದ್ರಾವಣ ಯಾವುದೂ ಆಗದು. ದ್ರಾಕ್ಷಾರಿಷ್ಟ, ದಶಮೂಲಾರಿಷ್ಟಗಳಲ್ಲಿ ಹುದುಗಿನಿಂದ ತಾನಾಗಿ ಹುಟ್ಟಿದ ಆಲ್ಕೋಹಾಲ್ ಇರುತ್ತದೆ, ಶೀಶೆಯ ಮೇಲೆಯೇ ಬರೆದಿರುತ್ತಾರೆ. ಊರಿನಿಂದ ಅತ್ತೆಯವರು ‘ಶಕ್ತಿಗೆ’ ಎಂದು ಕಳುಹಿಸಿಬಿಟ್ಟಾರು. ಭೇದಿಗೆ ಕೊಡುವ ಮೆಟ್ರೊನಿಡಜೋಲ್ ಕೂಡ ಇದರೊಂದಿಗೆ ಕೂಡದು, ತಲೆ ಕೆಡುತ್ತದೆ. ಯಕೃತ್ತಿನ ರಕ್ತಪರೀಕ್ಷೆಯನ್ನು ಆಗಾಗ ಮಾಡಿಸಬೇಕು. ಇಷ್ಟನ್ನೆಲ್ಲ ಗಲ್ಲಾದಲ್ಲಿ ಕುಳಿತವರು ನೆನಪಿಟ್ಟುಕೊಳ್ಳುತ್ತಾರೆಯೇ?

ಡೊಂಬಿವಲಿಯ ಸೊಸೆ

ಹಾಗಾದರೆ ಯಾವುದು? ಒಂಟಿಯಾಗಿ ಇರುವವರಿಗೆ ಔಷಧಿಯೇ ಇಲ್ಲವೇ?

ಪಿಂಪ್ರಿಯ ಪ್ರಯೋಗಶಾಲೆ

ಇದೆ. ವೈದ್ಯರು ಬಹುಶಃ ನಾಲ್ಟ್ರೆಕ್ಸೋನ್ ಅಥವಾ ಅಕಾಂಪ್ರೊಸೇಟ್ ಬಗ್ಗೆ ಯೋಚಿಸುತ್ತಾರೆ. ಎರಡರ ಮೇಲೂ ಕುಡಿದುಬಿಟ್ಟರೆ ಡೈಸಲ್ಫಿರಾಮ್‌ನಂಥ ಅಪಾಯವಿಲ್ಲ. ಅಕಾಂಪ್ರೊಸೇಟ್ ಯಕೃತ್ತಿನಲ್ಲಿ ಕರಗದೆ ಮೂತ್ರಪಿಂಡದ ಮೂಲಕ ಹೋಗುವುದರಿಂದ ಯಕೃತ್ತು ಕೆಟ್ಟವರಿಗೆ ಅನುಕೂಲ. ತೊಂದರೆ ಎಂದರೆ 333 ಮಿಲಿಗ್ರಾಂ ಗುಳಿಗೆ ಎರಡೆರಡರಂತೆ ದಿನಕ್ಕೆ ಮೂರು ಹೊತ್ತು, ಒಟ್ಟು ಆರು. ಅಡುಗೆಮನೆಯ ಗಡಿಬಿಡಿಯಲ್ಲಿ ಮಧ್ಯಾಹ್ನದ್ದು ತಪ್ಪುವುದು ಖಂಡಿತ.

ಪವಾಡ ನಿರೀಕ್ಷಿಸಬೇಡಿ. 2014ರಲ್ಲಿ ಹಲವು ಪರೀಕ್ಷೆಗಳನ್ನು ಒಟ್ಟುಗೂಡಿಸಿ ನೋಡಿದಾಗ, ಸುಮಾರು 12 ಜನರಿಗೆ ಅಕಾಂಪ್ರೊಸೇಟ್ ಕೊಟ್ಟರೆ ಅದರಿಂದಾಗಿಯೇ ಕುಡಿತಕ್ಕೆ ಮರಳದೆ ಉಳಿಯುವವರು ಒಬ್ಬರು ಎಂದು ಕಂಡಿತು. ವಿಪರೀತ ಕುಡಿತಕ್ಕೆ ಮರಳುವುದನ್ನು ತಡೆಯುವಲ್ಲಿ ನಾಲ್ಟ್ರೆಕ್ಸೋನ್‌ನದ್ದೂ ಅದೇ 12. ಕಡಿಮೆ ಎನಿಸಬಹುದು. ನನ್ನ ಲೆಕ್ಕದಲ್ಲಿ ಕಡಿಮೆಯಲ್ಲ. ಹೃದಯಾಘಾತ ತಪ್ಪಿಸಲು ಜೀವನಪರ್ಯಂತ ನುಂಗುವ ಎಷ್ಟೋ ಗುಳಿಗೆಗಳು ಇದಕ್ಕಿಂತ ಹಿಂದಿವೆ. ಕಡಿಮೆಯಾಗಿರುವುದು ಕೊಡುವವರ ಸಂಖ್ಯೆ. 2019ರಲ್ಲಿ ಪ್ರಕಟವಾದ ಏಮ್ಸ್ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಮದ್ಯಕ್ಕೆ ಅವಲಂಬಿತರಾದ 38 ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೂ ಚಿಕಿತ್ಸೆ ಸಿಕ್ಕಿದೆ.

ಠಾಣೆಯ ತರ್ಕವಾದಿ

ಒಂದು ಪ್ರಾಮಾಣಿಕ ಪ್ರಶ್ನೆ. ತೂಕ ಇಳಿಸುವ ಆ ಹೊಸ ಇಂಜೆಕ್ಷನ್ ಕುಡಿತವನ್ನೂ ಬಿಡಿಸುತ್ತದೆ ಎಂದು ಎಲ್ಲೆಡೆ ಓದುತ್ತಿದ್ದೇನೆ. ನಿಜವೇ?

ಪಿಂಪ್ರಿಯ ಪ್ರಯೋಗಶಾಲೆ

ಸೆಮಾಗ್ಲುಟೈಡ್. 2025ರಲ್ಲಿ ಅಮೆರಿಕದ ಒಂದು ಪರೀಕ್ಷೆ ಪ್ರಕಟವಾಯಿತು. 48 ಜನ, ಒಂಬತ್ತು ವಾರ, ಸಣ್ಣ ಪ್ರಮಾಣದ ಔಷಧಿ. ಕುಡಿಯುವ ದಿನ ಕುಡಿಯುವ ಪ್ರಮಾಣವೂ ತುಡಿತವೂ ತಗ್ಗಿದವು. ಕುಡಿಯುವ ದಿನಗಳ ಸಂಖ್ಯೆಯಲ್ಲಿ ಅಂಥ ವ್ಯತ್ಯಾಸವಾಗಲಿಲ್ಲ. ಆಸೆ ಹುಟ್ಟಿಸುವ ಸುದ್ದಿ ಹೌದು, ಚಿಕಿತ್ಸೆ ಎನ್ನಲು ಸಾಲದು. ಮೊದಲೇ ಊಟ ಬಿಟ್ಟು ಬಡಕಲಾದ ಕುಡುಕನಿಗೆ ಹಸಿವು ಕೊಲ್ಲುವ ಇಂಜೆಕ್ಷನ್ ಕೊಡುವುದು ನನಗಂತೂ ಭಯ ಹುಟ್ಟಿಸುತ್ತದೆ.

ಇಂಥ ಉತ್ಸಾಹವನ್ನು ಹಿಂದೆಯೂ ಕಂಡಿದ್ದೇವೆ. ಸ್ನಾಯು ಸೆಟೆತಕ್ಕೆ ಕೊಡುವ ಬ್ಯಾಕ್ಲೊಫೆನ್ ನುಂಗಿ ತನ್ನ ಕುಡಿತ ಬಿಟ್ಟುಹೋಯಿತೆಂದು ಫ್ರಾನ್ಸಿನ ಹೃದ್ರೋಗ ವೈದ್ಯ ಒಲಿವಿಯೆ ಅಮೈಸೆನ್ 2005ರಲ್ಲಿ ಬರೆದ. ದೇಶವೇ ಹುಚ್ಚೆದ್ದಿತು. ಆಮೇಲಿನ ಪರೀಕ್ಷೆಗಳಲ್ಲಿ ಕೆಲವು ಹೌದೆಂದವು, ಕೆಲವು ಇಲ್ಲವೆಂದವು. ಕಡೆಗೆ 2018ರಲ್ಲಿ ಫ್ರಾನ್ಸ್ ಪ್ರಮಾಣಕ್ಕೆ ಮಿತಿ ಹಾಕಿ ಪರವಾನಗಿ ಕೊಟ್ಟಿತು. ಸಿರೋಸಿಸ್ ಆಗಿ ಯಕೃತ್ತು ಗಡುಸಾಗಿ ಕೆಟ್ಟವರ ಮೇಲೆ 2007ರಲ್ಲಿ ಇಟಲಿಯಲ್ಲಿ ನಡೆದ ಪರೀಕ್ಷೆಯಂತೂ ಚೆನ್ನಾಗಿತ್ತು, ಅಂಥವರಿಗೆ ನಮ್ಮಲ್ಲೂ ವೈದ್ಯರು ಕೊಡುತ್ತಾರೆ.

ಹೊಸ ಔಷಧಿ ಏಕೆ ಇಷ್ಟು ಕಷ್ಟ ಎಂದರೆ, ಖಾಲಿ ಗುಳಿಗೆ ಪಡೆದವರೂ ಕುಡಿತ ತಗ್ಗಿಸಿಬಿಡುತ್ತಾರೆ. ವಾರಕ್ಕೊಮ್ಮೆ ಯಾರೋ ಕುಳಿತು ‘ಹೇಗಿದ್ದೀರಿ, ಎಷ್ಟು ಕುಡಿದಿರಿ’ ಎಂದು ಕೇಳಿದರೆ ಸಾಕು, ಅಷ್ಟರಿಂದಲೇ ಎಷ್ಟೋ ಜನ ಸುಧಾರಿಸುತ್ತಾರೆ. ಔಷಧಿ ಗೆಲ್ಲಬೇಕಾದದ್ದು ಆ ಮಾತುಕತೆಯ ಮೇಲೆ.

ಡೊಂಬಿವಲಿಯ ಸೊಸೆ

ಸೋಮವಾರ ಸರಕಾರಿ ಆಸ್ಪತ್ರೆಯ ಮನೋರೋಗ ವಿಭಾಗಕ್ಕೆ ಹೋಗುತ್ತಿದ್ದೇವೆ. ಭಾವ ನಾಳೆಯಿಂದಲೇ ಕುಡಿಯುವುದಿಲ್ಲ ಎಂದು ಹಠ ಹಿಡಿದಿದ್ದಾರೆ. ಒಳ್ಳೆಯದೇ ಅಲ್ಲವೇ?

ಪುಣೆಯ ನರ್ಸ್

ಬೇಡ! ವೈದ್ಯರು ನೋಡುವ ತನಕ ಒಮ್ಮೆಲೇ ನಿಲ್ಲಿಸಬಾರದು. ನಡುಕ ತಡೆಯುವಷ್ಟು ಕುಡಿಯಲಿ, ಹೊಟ್ಟೆಗೆ ಊಟ ಹೋಗಲಿ, ರಾತ್ರಿ ಕೋಣೆಯಲ್ಲಿ ಒಬ್ಬರೇ ಮಲಗುವುದು ಬೇಡ. ನಡುವೆ ಫಿಟ್ಸ್ ಬಂದರೆ, ಮಾತು ತೊದಲಿ ಗೊಂದಲವಾದರೆ, ಇಲ್ಲದ್ದು ಕಾಣತೊಡಗಿದರೆ ಸೋಮವಾರಕ್ಕೆ ಕಾಯದೆ 108ಕ್ಕೆ ಕರೆ ಮಾಡಿ. ರಾತ್ರಿ ಸಲಹೆ ಬೇಕಾದರೆ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ರಲ್ಲಿ ಸಿಗುತ್ತದೆ.

ವೈದ್ಯರಿಗೆ ಹೇಳಬೇಕಾದದ್ದು: ದಿನಕ್ಕೆ ಎಷ್ಟು, ಯಾವುದು, ಕೊನೆಯ ಗುಟುಕು ಎಷ್ಟು ಗಂಟೆಗೆ, ಹಿಂದೆ ಯಾವಾಗಲಾದರೂ ನಿಲ್ಲಿಸಿದಾಗ ಫಿಟ್ಸ್ ಬಂದಿತ್ತೇ. ಕೊನೆಯದು ಬಹಳ ಮುಖ್ಯ. ಒಮ್ಮೆ ಬಂದವರಿಗೆ ಮರುಸಲ ಬರುವ ಸಂಭವ ಹೆಚ್ಚು, ಅಂಥವರನ್ನು ದಾಖಲು ಮಾಡಿಕೊಳ್ಳುತ್ತಾರೆ. ಹಳೆಯ ರಕ್ತಪರೀಕ್ಷೆಯ ವರದಿ ಇದ್ದರೆ ಒಯ್ಯಿರಿ.

ಡೊಂಬಿವಲಿಯ ಸೊಸೆ

ಹಿಂದೆ ಒಮ್ಮೆ ಊರಿನಲ್ಲಿ ಮದುವೆಯ ಸಮಯದಲ್ಲಿ ಬಿದ್ದು ಕೈಕಾಲು ಸೆಟೆದಿತ್ತಂತೆ. ಅಕ್ಕ ಈಗ ಫೋನಿನಲ್ಲಿ ಹೇಳಿದರು. ಬಿಸಿಲಿಗೆ ಎಂದುಕೊಂಡಿದ್ದರಂತೆ.

ಪುಣೆಯ ನರ್ಸ್

ಹಾಗಿದ್ದರೆ ಸೋಮವಾರದವರೆಗೆ ಕಾಯಬೇಡಿ. ಈಗಲೇ ತುರ್ತು ವಿಭಾಗಕ್ಕೆ ಕರೆದುಕೊಂಡು ಹೋಗಿ, ಆ ಮಾತನ್ನೇ ಮೊದಲು ಹೇಳಿ.